ಒಡೆದ ಥರ್ಮಾಮೀಟರ್ ಎಲ್ಲಿ ಕೊಡಬೇಕು?

ಮಾನ್ಯರೇ,

ಕಳೆದ ವಾರ ಮಗಳಿಗೆ ಜ್ವರ ಬಂದಿತ್ತು. ಹಳೇ ಥರ್ಮಾಮೀಟರ್ ಕೈಜಾರಿ ಬಿದ್ದು ಒಡೆಯಿತು. ಪಾದರಸ ಬೆಳ್ಳಿ ಮಣಿಗಳ ಹಾಗೆ ಮಂಚದ ಕೆಳಗೆಲ್ಲ ಉರುಳಿತು. ಮಗ ಓಡಿಬಂದು ಬೆರಳಲ್ಲಿ ಒತ್ತಿ ಆಡತೊಡಗಿದ. ಅತ್ತೆ ಪೊರಕೆ ತಂದರು. ಇಬ್ಬರನ್ನೂ ತಡೆದೆ. ಚಿಕ್ಕವಳಿದ್ದಾಗ ನಾನೂ ಅದನ್ನು ಅಂಗೈಲಿಟ್ಟು ಆಡಿದವಳೇ, ಆಗ ಬೇಡ ಅಂದವರೇ ಇರಲಿಲ್ಲ.

ಥರ್ಮಾಮೀಟರಿನಲ್ಲಿ ಇರುವುದು 1 ಗ್ರಾಂ ಆಸುಪಾಸು ಪಾದರಸ. ಆದರೆ ಅದು ಬಿದ್ದಲ್ಲೇ ಆವಿಯಾಗುತ್ತಿರುತ್ತದೆ, ನಮ್ಮ ದಾವಣಗೆರೆ ಬಿಸಿಲಿಗೆ ಇನ್ನೂ ಜಾಸ್ತಿ. ಆ ಆವಿ ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ಮಿದುಳಿಗೆ, ನರಗಳಿಗೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಅಪಾಯ ಹೆಚ್ಚು. ಗುಡಿಸಿದರೆ ಒಂದು ಮಣಿ ಹತ್ತಾಗಿ ಸಂದಿಗೊಂದಿ ಸೇರುತ್ತದೆ. ಅದಕ್ಕೇ ಫ್ಯಾನ್ ಆರಿಸಿ, ಕಿಟಕಿ ತೆಗೆದು, ಎರಡು ಹಳೇ ಲಗ್ನಪತ್ರಿಕೆಗಳಿಂದ ಮಣಿಗಳನ್ನು ಒಟ್ಟು ಮಾಡಿದೆ. ಟಾರ್ಚ್ ಬಿಟ್ಟಾಗ ಮಿಂಚಿದ ಚೂರುಗಳನ್ನು ಟೇಪಿಗೆ ಅಂಟಿಸಿ ತೆಗೆದೆ. ಎಲ್ಲವನ್ನೂ ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ.

ಮರುದಿನ ಕಸದ ಗಾಡಿ ಬಂತು. ಬಾಟಲಿ ತೋರಿಸಿದೆ. 'ಹಾಕಿ ಅಕ್ಕ, ಎಲ್ಲಾ ಒಂದೇ ಕಡೆ ಹೋಗೋದು' ಎಂದರು. ಅಷ್ಟರಲ್ಲಿ ಪಕ್ಕದ ಮನೆಯವರು ಹಳೇ ಟ್ಯೂಬ್‌ಲೈಟ್ ಎಸೆದರು. ಟಪ್ ಅಂತ ಒಡೆಯಿತು, ಬಿಳಿ ಪುಡಿ ಹಾರಿತು. ಗಾಡಿಯವರ ಮೂಗಿಗೆ ಒಂದು ಬಟ್ಟೆಯೂ ಇರಲಿಲ್ಲ. ಟ್ಯೂಬ್‌ಲೈಟಿನಲ್ಲೂ, ಸಿಎಫ್‌ಎಲ್ ಬಲ್ಬಿನಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಂದು ಬಲ್ಬಿಗೆ ಹೆದರಬೇಕಿಲ್ಲ. ದಿನಾ ಬೀದಿ ಬೀದಿಯ ಕಸಕ್ಕೆ ಕೈಹಾಕುವವರ ಪಾಡೇನು?

ಕಸದ ಗುಡ್ಡೆಯಿಂದ ಮಳೆನೀರಿನ ಜೊತೆ ಕೆರೆ ಸೇರಿದ ಪಾದರಸ ಅಲ್ಲಿನ ಸೂಕ್ಷ್ಮಜೀವಿಗಳಿಂದ ಇನ್ನೂ ಕೆಟ್ಟ ವಿಷವಾಗಿ ಮೀನಿನ ಮೈ ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಕಾರಣ ಇದೇ ವಿಷ. ಕಾರ್ಖಾನೆಯೊಂದು ಅದನ್ನು ನೇರವಾಗಿ ಸಮುದ್ರಕ್ಕೆ ಬಿಟ್ಟಿತ್ತು. ಮೀನು ತಿಂದವರ ಕೈಕಾಲು ಸೆಟೆದವು, ಕಣ್ಣು ಮಂಜಾಯಿತು. ತಾಯಿ ಹೊಟ್ಟೆಯಲ್ಲಿದ್ದ ಕೂಸುಗಳನ್ನೂ ಅದು ಬಿಡಲಿಲ್ಲ.

ಇಂಥ ಕಸವನ್ನು ಬೇರೆಯಾಗಿ ಸಂಗ್ರಹಿಸಬೇಕು ಅಂತ ಘನತ್ಯಾಜ್ಯ ನಿಯಮವೇ ಹೇಳುತ್ತದೆ. ಪಾಲಿಕೆಯವರು ಪ್ರತಿ ಗಾಡಿಗೂ ಒಂದು ಮುಚ್ಚಳವಿರುವ ಡಬ್ಬಿ, ಸಿಬ್ಬಂದಿಗೆ ಗ್ಲೌಸು, ಮಾಸ್ಕು ಕೊಡಲಿ. ವಾರ್ಡಿಗೊಂದು ಜಾಗ ಗೊತ್ತುಮಾಡಿ, ಗಾಡಿಯ ಮೈಕಿನಲ್ಲಿ ಕೂಗಿ ಹೇಳಲಿ. ಇದು ದೊಡ್ಡ ಖರ್ಚಿನ ಕೆಲಸವೇನಲ್ಲ, ಅಲ್ವಾ?

ನಮ್ಮ ಬಾಟಲಿ ಇನ್ನೂ ಅಟ್ಟದ ಮೇಲಿದೆ. ಎಲ್ಲಿ ಕೊಡಬೇಕು ಅಂತ ಹೇಳಿದರೆ ಅಂದೇ ತಂದುಕೊಡುತ್ತೇನೆ.

– ಓರ್ವ ಗೃಹಿಣಿ, ವಿದ್ಯಾನಗರ, ದಾವಣಗೆರೆ