ಎಲುಬು ಓದಾಕ ಹೊಂಟ ಗೌರಿಗೆ

ಚಿ. ಗೌರಿಗೆ ದೊಡ್ಡಪ್ಪನ ಆಶೀರ್ವಾದ.

ಪುಣೆ ಡೆಕ್ಕನ್ ಕಾಲೇಜಿನ್ಯಾಗ ಸೀಟ್ ಸಿಕ್ತು ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ, ಭಾಳ ಖುಷಿ ಆತು. ಉತ್ಖನನದಾಗ ಸಿಕ್ಕ ಎಲುಬು, ಕಲ್ಲು ಪರೀಕ್ಷೆ ಮಾಡೂದು ಕಲೀತೀನಿ ಅಂದಿಯಂತ, ಐಸೋಟೋಪು, ಡಿಎನ್‌ಎ ಅಂತೆಲ್ಲಾ ಅವಂಗ ತಲಿ ತಿರುಗೂಹಂಗ ಹೇಳಿಯಂತ. ಕಲಿ ಕಲಿ. ಆದ್ರ ನಾ ಸರ್ವಿಸ್ ಪೂರ್ತಿ ದನದ ಡಾಕ್ಟರ್ ಆಗಿ ಕಳದವ, ನನ್ನ ಕಡೆಯಿಂದ ಒಂದ್ ಮಾತು ಕೇಳು, ಮಷೀನಿನ ಹತ್ರ ಹೋಗೂಕಿಂತ ಮೊದ್ಲು ನಿನ್ನ ಕೈಗೆ ಎಲುಬಿನ ಗುರ್ತು ಹತ್ತಬೇಕು, ಅದೂ ಹಳೇ ಎಲುಬಲ್ಲ, ಯಾವ ಪ್ರಾಣಿದು, ಗಂಡೋ ಹೆಣ್ಣೋ, ಎಷ್ಟು ವಯಸ್ಸಿಗೆ ಸತ್ತದ್ದು ಅಂತ ಪಕ್ಕಾ ಗೊತ್ತಿರೋ ಇವತ್ತಿನ ಎಲುಬು.

ಕುರಿ ಮತ್ತ ಆಡಿಂದು ತಗೋ. ಜೀವಂತ ಇದ್ದಾಗ ಸಣ್ಣ ಹುಡುಗರೂ ಗುರ್ತು ಹಿಡೀತಾರ, ಮಾಂಸ ಬಿಟ್ಟು ಎಲುಬಾದ ಮ್ಯಾಲೆ ದೊಡ್ಡ ದೊಡ್ಡವ್ರೂ ತಡವರಿಸ್ತಾರ, ಮುಂಗಾಲಿನ ಉದ್ದ ಎಲುಬಿನ ಕೆಳಗಿನ ತುದಿ, ಕೋಡಿನ ಬುಡ, ಇಂಥಾ ನಾಕಾರು ಕಡೆ ಅಷ್ಟ ಫರಕ್ ಕಾಣೂದು, ತುಂಡಾಗಿದ್ರ ಅದೂ ಇಲ್ಲ. ವಯಸ್ಸಿಗೆ ಹಲ್ಲು ನೋಡು. ಸಂತಿಯಾಗ ಹೋರಿ ಬಾಯಿ ಬಿಡಿಸಿ ಎರಡ್ಹಲ್ಲು, ನಾಕ್ಹಲ್ಲು, ಬಾಯಿಗೂಡೇತಿ ಅಂತ ನಮ್ಮ ರೈತರು ಹೇಳ್ತಾರಲ್ಲ, ನಿಮ್ಮ ಲ್ಯಾಬಿನವ್ರು ಮಾಡೂದೂ ಬಹುತೇಕ ಅದ, ಖರೇ ಅವ್ರು ದವಡಿ ಹಲ್ಲು ಎಷ್ಟು ಸವದೈತಿ ಅಂತನೂ ಬರ್ಕೋತಾರ. ಎಳೇ ಪ್ರಾಣಿದಾದ್ರ ಉದ್ದ ಎಲುಬಿನ ತುದಿ ಇನ್ನೂ ಕೂಡಿರೂದಿಲ್ಲ, ಬ್ಯಾರೆನ ಬಿಚ್ಚಿ ಬರ್ತೈತಿ. ಇನ್ನ ವರ್ಷಾನುಗಟ್ಟಲೆ ನೊಗ ಹೊತ್ತ ಎತ್ತಿನ ಪಾದದ ಎಲುಬಿನ ಅಂಚಿಗೆ ಹೆಚ್ಚಿನ ಎಲುಬು ಗಂಟುಗಂಟಾಗಿ ಬೆಳದಿರ್ತೈತಿ, ಬೆರಳಿನ ಎಲುಬು ಅಗಲಾಗಿರ್ತಾವು, ಅದನ್ನ ಒಮ್ಮೆ ಮುಟ್ಟಿ ನೋಡಿದಿ ಅಂದ್ರ ಮರಿಯೂದಿಲ್ಲ. ಆದ್ರ ಮುದಿ ದನಕ್ಕೂ ಹಂಗಾಗ್ತೈತಿ, ಅದಕ್ಕ ಒಂದ್ ಎಲುಬು ನೋಡಿ ನೇಗಿಲು ಹೂಡ್ತಿದ್ರು ಅಂತ ಬರದು ಕುಂದರಬ್ಯಾಡ.

ಎಲುಬಿನ ಮ್ಯಾಲಿನ ಗೀರು ಹಂಗ. ಕಲ್ಲಿನ ಅಲಗಿನಿಂದ ಕೊಯ್ದ ಗೀರು ಲೆನ್ಸಿನ್ಯಾಗ ಸಪೂರ, ಆಳ, ತಳ ಚೂಪು, ನಾಯಿ ನರಿ ಕಡದದ್ದು ಅಗಲ, ತಳ ದುಂಡಗ, ದನ ತುಳದು ಮಣ್ಣಾಗ ಉಜ್ಜಿದ್ದು ಎಲ್ಲಾ ದಿಕ್ಕಿಗೂ ಅಡ್ಡಾದಿಡ್ಡಿ. ಒಡದ ಅಂಚು ಉಳಿದ ಎಲುಬಿಗಿಂತ ಬೆಳ್ಳಗಿದ್ರ ಅದು ನಿಮ್ಮ ಕೂಲಿಯಾಂವ ಗುದ್ದಲಿಯಿಂದ ಒಡದದ್ದು, ಶಿಲಾಯುಗದವ್ರ ಮ್ಯಾಲೆ ಹಾಕಬ್ಯಾಡ!

ಹಾವೇರಿ ಜಿಲ್ಲಾದ ಹಳ್ಳೂರು ಹೆಸರು ಕ್ಲಾಸಿನ್ಯಾಗ ಬಂದ ಬರ್ತೈತಿ. 1965ರಾಗ ಎಂ. ಎಸ್. ನಾಗರಾಜರಾವ್ ಅಗಿಸಿದ್ರು, ಎಲುಬು ನೋಡಿದವ್ರು ಕೆ. ಆರ್. ಆಲೂರು, ಅವ್ರೂ ನಮ್ಹಂಗ ದನದ ಡಾಕ್ಟರು, ಅದಕ್ಕ ನನಗ ಒಂದೀಟು ಅಭಿಮಾನ. ಅದ್ರಾಗ ಕುದುರಿ ಎಲುಬು ಅದಾವು ಅಂದ್ರು. ಕುದುರಿ ಅಂದಕೂಡ್ಲೆ ನಮ್ಮ ದೇಶದಾಗ ಆರ್ಯರ ಜಗಳ ಸುರು, ಕುದುರಿ ಹೊರಗಿಂದ ಆರ್ಯರ ಸಂಗಡ ಬಂತೋ, ಮೊದ್ಲ ಇಲ್ಲೇ ಇತ್ತೋ ಅಂತ, ಒಂದ್ ಗುಂಪು ಎಲುಬನ್ನ ಹೊತ್ಕೊಂಡು ಕುಣೀತೈತಿ, ಇನ್ನೊಂದು ನೋಡದ ಅಲ್ಲಗಳೀತೈತಿ, ಆ ವಾದ ಮುಗದಿಲ್ಲ. ಕುದುರಿ, ಕತ್ತೆ ಎಲುಬು ತುಂಡುತುಂಡಾದ ಮ್ಯಾಲೆ ಬ್ಯಾರೆ ಮಾಡೂದು ಸಣ್ಣ ಕೆಲಸಲ್ಲ. ನೀ ಅಂಥಾದ್ದು ಏನಾರ ನೋಡಿದ್ರ ಅಳತಿ, ಫೋಟೋ, ಯಾವ ಪದರದಾಗ ಎಷ್ಟು ಆಳಕ್ಕ ಸಿಕ್ತು, ಆ ಪದರದಾಗ ಮ್ಯಾಲಿನ ಎಲುಬು ಕೆಳಗ ಇಳಿಯೂಹಂಗ ಇಲಿ ಬಿಲ ಇತ್ತೋ ಇಲ್ಲೋ, ಎಲ್ಲಾ ಬರದಿಡು, ನಾಳೆ ನಿನ್ನ ಒಪ್ಪದಾಂವ ಬಂದು ಅದ ಎಲುಬು ತಾನ ಅಳದು ನೋಡೂಹಂಗಿರಲಿ.

ಮಷೀನ್ ಬ್ಯಾಡ ಅನ್ನಾಕತ್ತಿಲ್ಲ. ಆದ್ರ ನಮ್ಮ ಬಿಸಿಲಿಗೆ ಎಲುಬಿನೊಳಗಿನ ಕೊಲಾಜನ್ ಅನ್ನೂ ಪ್ರೋಟೀನ್ ಉಳಿಯೂದ ಕಷ್ಟ, ಅದಿಲ್ಲಂದ್ರ ಎಷ್ಟು ಹಳೇದು ಅಂತ ಹೇಳೂ ಕಾರ್ಬನ್ ಡೇಟಿಂಗೂ ಆಗೂದಿಲ್ಲ, ಆಗ ಅದ ಪದರದ ಸುಟ್ಟ ಹುರಳಿಕಾಳು ಸಿಕ್ರ ಎಲುಬಿಗಿಂತ ಛಲೋ ಸಾಕ್ಷಿ. ಡಿಎನ್‌ಎದ್ದೂ ಅದ ಕತಿ, ಹರಿಯಾಣದಾಗ ಹರಪ್ಪಾ ಕಾಲದ ಊರು ರಾಖಿಗಢಿಯಾಗ 61 ಸ್ಯಾಂಪಲ್ ನೋಡಿ ಒಬ್ಬ ಹೆಂಗಸಿನ ಡಿಎನ್‌ಎ ಅಷ್ಟ ಕೆಲಸಕ್ಕ ಬಂತು, 2019ರಾಗ ಪ್ರಕಟ ಆತು. ಪರೀಕ್ಷೆಗೆ ಎಲುಬು ಕೊರೀತಾರಲ್ಲ, ಕೊರದದ್ದು ಹೋದ್ಹಂಗ, ಅದಕ್ಕ ಮೊದ್ಲ ಅಳತಿ ಫೋಟೋ ಮುಗಿಸಿರು.

ಕಲ್ಲಿನ ಬಗ್ಗೆ ನನಗ ಕಮ್ಮಿ ತಿಳೀತೈತಿ. ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡಕ್ಕ ಹೋಗಿ ಬಾ, ಕರೇ ಡೋಲರೈಟ್ ಕಲ್ಲಿನ್ಯಾಗ ಕೊಡ್ಲಿ ಮಾಡ್ತಿದ್ದ ಜಾಗ, ಬಂಡಿ ಮ್ಯಾಲೆ ಕೊಡ್ಲಿ ಮಸದ ತೆಗ್ಗು ಇನ್ನೂ ಅದಾವು. ಎಲ್ಲಾರೂ ನುಣ್ಣನ ಕೊಡ್ಲಿ ಹುಡುಕ್ತಾರ, ನೀ ಕೆಳಗ ಬಿದ್ದ ಚಕ್ಕಿ ನೋಡು, ಯಾವ ಹೊಡತಕ್ಕ ಯಾವ ಚಕ್ಕಿ ಹಾರೇತಿ, ಎಲ್ಲಿ ಕುಂತು ಕೆಲಸ ಮಾಡ್ಯಾರ ಅಂತ ಗೊತ್ತಾಗೂದು ಅದ್ರಿಂದ. ಹಂಗ ಕುಡತಿನಿ ಬೂದಿದಿಬ್ಬನೂ ನೋಡ್ಕೊಂಡು ಬಾ. ಇಂಥಾ ದಿಬ್ಬ ಏನಂತ ಭಾಳ ಮಂದಿ ಭಾಳ ಕತಿ ಹೇಳ್ಯಾರ, ಸಗಣಿ ಸುಟ್ಟ ಬೂದಿ ಅಂತ ಪಕ್ಕಾ ಆಗಿದ್ದು ಬೂದಿ ಪರೀಕ್ಷೆ ಮಾಡಿದ ಮ್ಯಾಲೆ. ತೆಲಂಗಾಣದ ಉಟ್ನೂರು ದಿಬ್ಬದಾಗಂತೂ 1957ರಾಗ ಆಲ್ಚಿನ್ ಅನ್ನೂ ಇಂಗ್ಲೆಂಡಿನ ಪುರಾತತ್ವದವ್ರು ಅಗದಾಗ ದನದ ಗೊರಸಿನ ಗುರ್ತ ಸಿಕ್ಕಾವು.

ದೀಪಾವಳಿಗೆ ಊರಿಗೆ ಬಾ. ಹಿತ್ತಲದಾಗ ಜಾಳಿಗಿ ಸುತ್ತಿ ಒಂದ್ ಮುದಿ ಕುರಿ ಹೂತೀನಿ, ಹುಟ್ಟಿದ ತಿಂಗಳು ಕುರುಬನ ಕಡೆಯಿಂದ ಕೇಳಿ ಬರಕೊಂಡೀನಿ, ಅಷ್ಟೊತ್ತಿಗೆ ಮಾಂಸ ಬಿಟ್ಟಿರ್ತೈತಿ. ಅಗದು ತಗದು ತೊಳದು ಒಂದೊಂದಕ್ಕೂ ನಂಬರ್ ಹಾಕೂದು ನಿನ್ನ ಕೆಲಸ. ನಿಮ್ಮ ದೊಡ್ಡವ್ವಗ ಮಾತ್ರ ಈಗ ಹೇಳಬ್ಯಾಡ, ಆಕಿ ಅಲ್ಲೇ ಮಲ್ಲಿಗಿ ಹಚ್ಚಬೇಕಂತ ಕುಂತಾಳ.

ನಿಮ್ಮ ದೊಡ್ಡಪ್ಪ