ಚಿಕ್ಕಮ್ಮ ಒಣಗಿಸಿದ ಹಾಳೆಗಳು

ನಿನ್ನೆ ವೈವಾ, ಅಂದ್ರೆ ಮೌಖಿಕ ಪರೀಕ್ಷೆ, ಮುಗೀತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಶಾಸಕ ಬದುಕಿನ ಮೇಲೆ ಬರೆದ ನನ್ನ ಪಿಎಚ್‌ಡಿ ಪ್ರಬಂಧ ಪಾಸಾಯಿತು. ಎಷ್ಟು ವರ್ಷ ಹಿಡೀತು, ಯಾಕೆ ಹಿಡೀತು ಅಂತ ನಿಮಗೆಲ್ಲ ಗೊತ್ತು. ಮತ್ತೆ ಹೇಳಲ್ಲ.

ಗೈಡ್ ಮೇಡಂ, ಲೈಬ್ರರಿಯವರು, ಬೆಂಗಳೂರಿಗೆ ಹೋದಾಗಲೆಲ್ಲ ರೂಮಲ್ಲಿ ಜಾಗ ಕೊಟ್ಟ ಗೆಳತಿಯರು, ಡಿಟಿಪಿ ಮಾಡಿಕೊಟ್ಟ ಹುಡುಗ, ಜಗಲಿಯಲ್ಲಿ ಕೂರಿಸಿಕೊಂಡು ಹಳೇದೆಲ್ಲ ನೆನಪು ಮಾಡಿ ಹೇಳಿದ ಸಾಗರ, ತೀರ್ಥಹಳ್ಳಿ ಕಡೆಯ ಹಿರಿಯರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಚಿಕ್ಕಮ್ಮನ ವಿಷಯ ಮಾತ್ರ ಹೀಗೆ ಒಂದು ಸಾಲಲ್ಲಿ ಮುಗಿಯಲ್ಲ.

ಹೋದ ವರ್ಷ ಆಷಾಢದ ಮಳೆ. ಬರೆದು ಮುಗಿಸೋಣ ಅಂತ ಚಿಕ್ಕಮ್ಮನ ಮನೆಯಲ್ಲಿದ್ದೆ. ರಾತ್ರಿ ಗಾಳಿಗೆ ಹೆಂಚು ಜಾರಿ, ನೀರು ನೇರ ನನ್ನ ರಟ್ಟಿನ ಪೆಟ್ಟಿಗೆ ಮೇಲೇ ಸುರಿದಿತ್ತು. ಸದನದ ನಡಾವಳಿಯ ಜೆರಾಕ್ಸ್, ಕೈಬರಹದ ನೋಟ್ಸ್ ಎಲ್ಲ ಒದ್ದೆ ಮುದ್ದೆ. ಕರೆಂಟ್ ಬೇರೆ ಇಲ್ಲ. ನಾನು ನೆಲದ ಮೇಲೆ ಕೂತು ಅತ್ತೆ. ಸಾಕು, ಇಷ್ಟಕ್ಕೇ ಬಿಡ್ತೀನಿ ಅಂದೆ.

'ಅಡಿಕೆ ನೆಂದ್ರೆ ಎಸೀತೀವಾ ಮಗಾ? ಒಣಗಿಸ್ತೀವಿ. ತಾ ಇಲ್ಲಿ' ಅಂದಳು ಚಿಕ್ಕಮ್ಮ.

ಬಚ್ಚಲೊಲೆಗೆ ಬೆಂಕಿ ಹಾಕಿದಳು. ಅಡಿಕೆ ಒಣಗಿಸೋ ಬಿದಿರಿನ ತಟ್ಟಿ ತಂದು ಒಲೆ ಪಕ್ಕ ಇಟ್ಟಳು. ಅಂಟಿಕೊಂಡ ಹಾಳೆಗಳನ್ನು ಉಗುರಲ್ಲಿ ಮೆಲ್ಲಗೆ ಬಿಡಿಸಿ, ಒಂದೊಂದಾಗಿ ಹರಡಿದಳು. ಚಿಕ್ಕಮ್ಮನಿಗೆ ಓದು ಬರಲ್ಲ. 'ಇದರಲ್ಲಿ ಏನಿದೆ, ಓದು' ಅನ್ನೋಳು. ಓದುತ್ತಾ ಹೋದೆ. ಗೋಪಾಲಗೌಡರು 1923ರಲ್ಲಿ ಆರಗದಲ್ಲಿ ಹುಟ್ಟಿದ್ದು. 1951ರಲ್ಲಿ ಕಾಗೋಡಿನ ಗೇಣಿ ರೈತರ ಹೋರಾಟ. ಮರುವರ್ಷ ಸಾಗರ–ಹೊಸನಗರದಿಂದ ಸಮಾಜವಾದಿ ಪಕ್ಷದಿಂದ ಗೆದ್ದಿದ್ದು. ದುಡ್ಡಿಲ್ಲದ ಆ ಮನುಷ್ಯನಿಗೆ ಜನ ಒಂದು ಓಟಿನ ಜೊತೆ ಒಂದು ನೋಟನ್ನೂ ಕೊಟ್ಟಿದ್ದು.

ಕಾಗೋಡು ಅಂದ ಕೂಡಲೇ ಅವಳ ಕೈ ನಿಂತಿತು. 'ಕೊಳಗದ ವಿಷಯ ಅವ್ರು ಬೆಂಗ್ಳೂರಲ್ಲಿ ಹೇಳಿದ್ರಾ?' ಅಂದಳು.

ಗೇಣಿ ಭತ್ತ ಅಳೆಯೋಕೆ ಒಡೆಯರು ಮಾಮೂಲಿಗಿಂತ ದೊಡ್ಡ ಕೊಳಗ, ಅಂದ್ರೆ ಅಳತೆ ಪಾತ್ರೆ, ಇಟ್ಟುಕೊಂಡಿದ್ದು ಆ ಹೋರಾಟದ ಬೇರು. ರೈತ ನಾಯಕ ಗಣಪತಿಯಪ್ಪನವರ ಜೊತೆ ರೈತರು ಎದ್ದು ನಿಂತಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನವಾಗಿದ್ದು ಎಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ನಮ್ಮಜ್ಜನೂ ಗೇಣಿ ಮಾಡ್ತಿದ್ದರು ಅಂತಲೂ ಗೊತ್ತಿತ್ತು. ಅಳತೆ ಮುಗಿದ ಮೇಲೆ ಕಣದಲ್ಲಿ ಉಳಿದ ಭತ್ತವನ್ನು ಅಜ್ಜಿ ಸೆರಗಲ್ಲಿ ಗುಡಿಸಿಕೊಂಡು ಬರ್ತಿದ್ದಳು ಅನ್ನೋದು ಗೊತ್ತಿರಲಿಲ್ಲ. ಅದನ್ನು ಚಿಕ್ಕಮ್ಮ ಆ ರಾತ್ರಿ ಹೇಳಿದಳು, ಹಾಳೆ ತಿರುವಿ ಹಾಕುತ್ತಾ.

ಬೆಳಗಿನ ಜಾವದ ಹೊತ್ತಿಗೆ ಹಾಳೆಗಳ ಕೊನೆಯ ಕಂತೆಗೆ ಬಂದೆವು. 1957ರ ಸೋಲು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆಲುವು. 1972ರ ಜೂನ್‌ನಲ್ಲಿ ಸಾವು, ಬರೀ 49 ವರ್ಷಕ್ಕೆ. ಅವರು ಆಸೆಪಟ್ಟ ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರ ನವೆಂಬರ್‌ನಲ್ಲಿ. ಉಳುವವನಿಗೇ ಭೂಮಿ ಅಂತ ಕಾನೂನು ಬಿಗಿಯಾಗಿದ್ದು 1974ರಲ್ಲಿ. ಅಜ್ಜ ಈ ಗದ್ದೆ ಉಳೋನು ನಾನೇ ಅಂತ ಡಿಕ್ಲರೇಷನ್ ಹಾಕಿ ಗದ್ದೆ ತಮ್ಮ ಹೆಸರಿಗೆ ಮಾಡಿಕೊಂಡಿದ್ದು ಅದಾದ ಮೇಲೆ. 'ಅಷ್ಟೆಲ್ಲ ಮಾಡಿ ಅವ್ರೇ ನೋಡ್ಲಿಲ್ವಾ?' ಅಂದಳು ಚಿಕ್ಕಮ್ಮ. ಬಾಯಿ ಕಟ್ಟಿತು ನನಗೆ. ಇದನ್ನು ಬರೆಯುವಾಗಲೂ ಗಂಟಲು ಉಬ್ಬಿ ಬರ್ತಿದೆ.

ಆಮೇಲೆ ಕಾಫಿ ಮಾಡಿ ಕೊಟ್ಟು, 'ಈಗ ಬರಿ' ಅಂದಳು. ಅವತ್ತೇ ಕೂತೆ. ನಿನ್ನೆ ವೈವಾದಲ್ಲಿ ಪರೀಕ್ಷಕರು ಹೆಚ್ಚು ಕೇಳಿದ್ದೂ ಕೊಳಗದ ಅಧ್ಯಾಯದ ಬಗ್ಗೆಯೇ.

ಚಿಕ್ಕಮ್ಮ, ಶನಿವಾರ ಸಂಜೆ ಬಸ್ಸಿಗೆ ಬರ್ತಿದೀನಿ. ಬೈಂಡ್ ಮಾಡಿಸಿದ ಮೊದಲ ಪ್ರತಿ ನಿನಗೆ. ಕೊಳಗದ ಅಧ್ಯಾಯಕ್ಕೆ ಕೆಂಪು ದಾರ ಇಟ್ಟಿದೀನಿ, ಅಲ್ಲಿಂದಲೇ ಓದಿ ಹೇಳ್ತೀನಿ.