ಮೆಲಟೋನಿನ್: ಮಿಲಿಗ್ರಾಂಗಿಂತ ಹೊತ್ತು ಮುಖ್ಯ

ಮಾನ್ಯರೇ,

ನಿದ್ದೆ ಬರುವುದಿಲ್ಲ ಎಂದವರಿಗೆ ಈಗ ಸಲೀಸಾಗಿ ಸಿಗುವ ಸಲಹೆ ಮೆಲಟೋನಿನ್ ಎಂಬ ಹಾರ್ಮೋನ್. 5, 10 ಮಿಲಿಗ್ರಾಂ ಮಾತ್ರೆ, ಗಮ್ಮಿ, ಸ್ಪ್ರೇ ಎಲ್ಲವೂ ಆನ್‌ಲೈನ್‌ನಲ್ಲಿವೆ. ಪೀನಿಯಲ್ ಗ್ರಂಥಿಯನ್ನು ‘ಶುದ್ಧಿ’ ಮಾಡುವ ಪುಡಿಗಳ ವಿಡಿಯೊ ಬೇರೆ.

ಮಿದುಳಿನ ನಡುವಿರುವ ಈ ಗ್ರಂಥಿ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಮಿದುಳಿನ ತಳಭಾಗದ ಹೈಪೊಥಲಮಸ್‌ನಲ್ಲಿರುವ ದೇಹದ ಗಡಿಯಾರಕ್ಕೆ ಹೋಗಿ, ಅಲ್ಲಿಂದ ಬೆನ್ನುಹುರಿ ಮತ್ತು ಕುತ್ತಿಗೆಯ ನರಗಳ ಮೂಲಕ ಬಳಸಿಕೊಂಡು ಇಲ್ಲಿಗೆ ಬರುತ್ತದೆ. ಕತ್ತಲಾದಾಗ ಗ್ರಂಥಿ ಸೆರೊಟೋನಿನ್ ಎಂಬ ನರರಾಸಾಯನಿಕದಿಂದ ಮೆಲಟೋನಿನ್ ತಯಾರಿಸುತ್ತದೆ. ದಿನಾ ಮಲಗುವ ವೇಳೆಗೆ ಸುಮಾರು 2 ಗಂಟೆ ಮುಂಚೆ ಅದು ರಕ್ತದಲ್ಲಿ ಏರತೊಡಗುತ್ತದೆ. ರಾತ್ರಿಯಿಡೀ ಓಡಾಡುವ ಇಲಿಯಲ್ಲೂ ಅದು ಏರುವುದು ರಾತ್ರಿಯೇ! ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವುದಷ್ಟೇ ಅದರ ಕೆಲಸ.

ಹೀಗಾಗಿ ದೀರ್ಘಕಾಲದ ನಿದ್ರಾಹೀನತೆಯಲ್ಲಿ ಮಾತ್ರೆಯ ಫಲ ಅಲ್ಪ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆಯಲ್ಲಿ ನಿದ್ದೆ ಹತ್ತುವುದು ಬೇಗವಾದದ್ದು ಸರಾಸರಿ 7 ನಿಮಿಷ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲಿ, ವಯಸ್ಕರ ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ಲೇಸೆಂದಿತು. ಅದೇ ವರ್ಷ ಕೆನಡಾದಲ್ಲಿ ಪರೀಕ್ಷಿಸಿದ 31 ಉತ್ಪನ್ನಗಳಲ್ಲಿ ಬಹುಪಾಲು ಲೇಬಲ್ಲಿಗೆ ತಾಳೆಯಾಗಲಿಲ್ಲ. ಕೆಲವದರಲ್ಲಿ ಸೆರೊಟೋನಿನ್ ಕೂಡ ಸಿಕ್ಕಿತು.

ಇದು ನಿಜಕ್ಕೂ ಉಪಯೋಗಕ್ಕೆ ಬರುವುದು ಗಡಿಯಾರವೇ ಹಿಂದೆ ಬಿದ್ದವರಿಗೆ: ರಾತ್ರಿ 2–3 ಗಂಟೆಯವರೆಗೆ ಕಣ್ಣು ಮುಚ್ಚದೆ, ಎಬ್ಬಿಸದಿದ್ದರೆ ಬೆಳಿಗ್ಗೆ 10ರವರೆಗೆ ಗಾಢವಾಗಿ ಮಲಗುವವರು. ಅಂಥವರಿಗೆ ವೈದ್ಯರು ಅರ್ಧದಿಂದ 3 ಮಿಲಿಗ್ರಾಂವರೆಗೆ, ನಿದ್ದೆ ಹತ್ತುವ ವೇಳೆಗೆ ಹಲವು ಗಂಟೆ ಮೊದಲೇ, ಅಂದರೆ ಸಂಜೆಗೇ, ಕೊಡುತ್ತಾರೆ. ಹೊರಳಾಡಿ ಸಾಕಾಗಿ ನಡುರಾತ್ರಿ 10 ಮಿಲಿಗ್ರಾಂ ನುಂಗಿದರೆ ಬೆಳಿಗ್ಗೆ ಮಂಪರು ಉಳಿಯಬಹುದು; ಬೆಳಗಿನ ಜಾವ ನುಂಗಿದರಂತೂ ಗಡಿಯಾರ ಇನ್ನಷ್ಟು ಹಿಂದಕ್ಕೆ ಸರಿಯುವ ಸಂಭವವಿದೆ.

ಬೇರೆ ಮಾತ್ರೆಗಳನ್ನೂ ನೋಡಬೇಕು. ಖಿನ್ನತೆ, ಗೀಳುರೋಗಕ್ಕೆ ಕೊಡುವ ಫ್ಲುವಾಕ್ಸಮೀನ್ ರಕ್ತದಲ್ಲಿ ಮೆಲಟೋನಿನ್ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಪೀನಿಯಲ್‌ಗೆ ಬರುವ ನರಸಂದೇಶವನ್ನೇ ತಡೆದು ಮೆಲಟೋನಿನ್ ಇಳಿಸುತ್ತವೆ. ಇವನ್ನು ಸೇವಿಸುವವರ ನಿದ್ದೆ ಕೆಟ್ಟಿದ್ದರೆ ವೈದ್ಯರಿಗೆ ಹೇಳಬೇಕು. ತಾವಾಗಿ ಬಿಪಿ ಮಾತ್ರೆ ನಿಲ್ಲಿಸಬಾರದು. ಗರ್ಭಿಣಿಯರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಸೇವಿಸುವವರು ಕೇಳದೆ ಮೆಲಟೋನಿನ್ ಮುಟ್ಟುವುದು ಬೇಡ.

ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಸಿಬಿಟಿ-ಐ, ಅಂದರೆ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ ಮಾತ್ರೆಯಿಲ್ಲದ ಚಿಕಿತ್ಸೆ. ಅದರ ಮುಖ್ಯ ಕ್ರಮ ಹೀಗೆ: ಎರಡು ವಾರ ಮಲಗಿದ, ನಿದ್ದೆ ಹತ್ತಿದ, ಎದ್ದ ಹೊತ್ತನ್ನು ಬರೆದಿಡಿ. ಸರಾಸರಿ ಐದೂವರೆ ಗಂಟೆ ನಿದ್ದೆಯಾಗುತ್ತಿದ್ದರೆ ಹಾಸಿಗೆಯಲ್ಲಿರುವುದೂ ಅಷ್ಟೇ ಹೊತ್ತು. 5 ಗಂಟೆಗಿಂತ ಕಡಿಮೆ ಮಾಡಬಾರದು. ಏಳುವ ವೇಳೆ ಭಾನುವಾರವೂ ಬದಲಾಗಬಾರದು. 20 ನಿಮಿಷವಾದಂತೆನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ, ಮಂದ ಬೆಳಕಿನಲ್ಲಿ ಕುಳಿತಿರಿ. ಹಾಸಿಗೆಯ ಹೊತ್ತಿನ ಶೇ 85ರಷ್ಟು ನಿದ್ದೆಯಾಗತೊಡಗಿದ ಮೇಲೆ ವಾರಕ್ಕೆ 15 ನಿಮಿಷದಂತೆ ಹೆಚ್ಚಿಸಿ. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚುತ್ತದೆ, ಬಹಳಷ್ಟು ಜನ ಬಿಟ್ಟುಬಿಡುವುದು ಅಲ್ಲಿಯೇ. ಆ ದಿನಗಳಲ್ಲಿ ಬೈಕ್ ಓಡಿಸಬೇಡಿ. ಮೂರ್ಛೆರೋಗ, ಬೈಪೋಲಾರ್ ಎಂಬ ಮನೋರೋಗ ಇರುವವರಿಗೆ, ಗೊರಕೆಯ ನಡುವೆ ಉಸಿರು ನಿಲ್ಲುವವರಿಗೆ ಈ ಕ್ರಮ ಸ್ವಂತವಾಗಿ ಮಾಡುವಂಥದ್ದಲ್ಲ.

ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘ಪೀನಿಯಲ್ ಕ್ಯಾಲ್ಸಿಫಿಕೇಷನ್’ (ಗ್ರಂಥಿಯಲ್ಲಿ ಸುಣ್ಣ ಕಟ್ಟಿರುವುದು) ಎಂದಿದ್ದರೆ ಗಾಬರಿ ಬೇಡ. ವಯಸ್ಕರಲ್ಲಿ ಅದು ಸರ್ವೇಸಾಮಾನ್ಯ. ಆ ಸುಣ್ಣ ಕರಗಿಸುವ ಪುಡಿ ಯಾವುದೂ ಇಲ್ಲ.

– ವೈದ್ಯ ಓದುಗರು, ಶಿವಮೊಗ್ಗ